ಚಿಕ್ಕಜ್ಜನ ತಗಡಿನ ಕಹಳೆ

ತುಕ್ಕಿನ ವಾಸನೆ ಬಂದರೆ ಈಗಲೂ ನನಗೆ ಚಿಕ್ಕಜ್ಜನ ತಗಡಿನ ಕಹಳೆ ನೆನಪಾಗುತ್ತದೆ. ಅಜ್ಜಿಯ ತಮ್ಮನಾದ ಅವನು ಮೂಕಿ ಚಿತ್ರಗಳ ಹೀರೊ ಆಗಿದ್ದು, ಆಮೇಲೆ ನಿರ್ದೇಶಕನಾದವನು; ಚಿತ್ರ ತೆಗೆಯುವಾಗ ನಟರಿಗೆ ಕೂಗಿ ಹೇಳುತ್ತಿದ್ದುದು ಆ ಕಹಳೆಯಲ್ಲೇ. ಒಂದು ಮಧ್ಯಾಹ್ನ ಹೊಸಪೇಟೆಯ ನಮ್ಮ ಪಡಸಾಲೆಯಲ್ಲಿ ಮನೆಯವರ ಮುಂದೆ ನಾಟಕವಾಡುತ್ತಾ ನಾನು ರಾಣಿಯ ಪಾತ್ರ ಮಾಡುತ್ತಿದ್ದಾಗ, ನಡುವೆಯೇ ಕಹಳೆ ಬಾಯಿಗಿಟ್ಟು, "ಈಗ ಅಳು! ತಲಿ ಎತ್ತು!" ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ಮೂಕಿ ಚಿತ್ರದಾಗ ಹಿಂಗ ಕೂಗಿದ್ರ ನಡೀತಿತ್ತು," ಎಂದಳು ಅಜ್ಜಿ. "ಮಾತಿನ ಪಿಕ್ಚರ್ ತೆಗಿಯುವಾಗೂ ಕೂಗಿದ. ಇವನ ದನಿನೂ ಅದರಾಗ ಸೇರಿಬಿಡ್ತು. ಮತ್ತ ಯಾರೂ ಕರೀಲಿಲ್ಲ."

ಚಿಕ್ಕಜ್ಜ ಕಹಳೆಯನ್ನು ಧೋತರದ ಚುಂಗಿನಿಂದ ನಿಧಾನವಾಗಿ ಒರೆಸಿದ.

"ಅಷ್ಟು ವರ್ಷ ಹೀರೊ ಆಗಿದ್ದೆ, ನನ್ನ ದನಿ ಹೆಂಗೈತಂತ ಒಬ್ಬರಿಗೂ ಗೊತ್ತಿರಲಿಲ್ಲ ಅಕ್ಕಾ," ಎಂದ. "ಅದೊಂದ್ರಾಗ ಊರೆಲ್ಲಾ ಕೇಳ್ತು."