ಟಬ್ಬಿನ ತೂಬು

ನಲ್ಲಿ, ತೂಬಿನ ಸಂದಿಗೆ ಮೆತ್ತುವ ಪುಟ್ಟಿಯ ವಾಸನೆ ಬಂದರೆ ಮೂಡಿಗೆರೆ ಬಳಿಯ ನಮ್ಮ ಎಸ್ಟೇಟ್ ಮನೆಯ ಸ್ನಾನದ ಟಬ್ಬು ನನಗೆ ಈಗಲೂ ನೆನಪಾಗುತ್ತದೆ.

ನಾನಾಗ ಮೂರನೇ ಕ್ಲಾಸಿನ ಹುಡುಗಿ. ಕಳಸದ ತವರಿಗೆ ಹೋದ ಅಮ್ಮ ತಿರುಗಿ ಬಂದಿರಲಿಲ್ಲ. ಟಬ್ಬಿನ ನೀರು ಇಳಿಯುತ್ತಿಲ್ಲವೆಂದು ಒಂದು ಮಧ್ಯಾಹ್ನ ಅಪ್ಪ ತಾವೇ ಮಂಡಿಯೂರಿ, ತೂಬಿನ ಹಳೆಯ ಹಿತ್ತಾಳೆ ಜಾಲರಿಯನ್ನು ತಿರುಗಿಸಿ ಕಿತ್ತರು. ಅದರ ಜೊತೆಗೆ ಸೋಪಿನ ಲೋಳೆ ಮೆತ್ತಿದ ಕೂದಲಿನ ಗಂಟೊಂದು ಮೇಲೆ ಬಂತು. ಮನೆಯಲ್ಲಿ ಅಷ್ಟು ಉದ್ದ ಕೂದಲಿದ್ದದ್ದು ಅಮ್ಮನಿಗೆ ಮಾತ್ರ.

“ಅಮ್ಮ ಬರ್ತಾಳಾ ಅಪ್ಪಾ? ಅದಕ್ಕಾ ರಿಪೇರಿ?” ಎಂದೆ.

ಅಪ್ಪ ಹೊಸ ಜಾಲರಿಯ ಅಂಚಿಗೆ ಪುಟ್ಟಿ ಮೆತ್ತಿ ಕೂರಿಸತೊಡಗಿದರು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ, “ಬರೋದು ನಿಮ್ಮಪ್ಪ ಮದ್ವೆ ಆಗೋ ಚಿಕ್ಕಮ್ಮ, ಮಗಾ. ಅವ್ರು ಬರೋಕೆ ಮುಂಚೆ ಹಳೇ ಕೊಳೆ ಹೋಗ್ಬೇಕು,” ಎಂದರು. ಕೂದಲನ್ನು ಕಡ್ಡಿಯಿಂದೆತ್ತಿ ಹಂಡೆಯ ಒಲೆಗೆ ಹಾಕಿದರು. ಅದು ಚಟಚಟನೆ ಸುಟ್ಟು ಕಮಟು ವಾಸನೆ ಹಬ್ಬಿತು.

ಅಪ್ಪ ನಲ್ಲಿ ತಿರುಗಿಸಿದರು. ನೀರು ಸರ್ರನೆ ಇಳಿದುಹೋಯಿತು.

ಸಂಜೆ ಅಜ್ಜಿ ನನ್ನನ್ನು ಜಗಲಿಯಲ್ಲಿ ಕೂರಿಸಿ ಜಡೆ ಬಿಚ್ಚಿದರು. “ತೂಬು ಮತ್ತೆ ಕಟ್ಕೊಂಡ್ರೆ ಯಾರು ಬಿಚ್ಚೋದು,” ಎಂದು ಕತ್ತರಿ ತೆಗೆದುಕೊಂಡರು. ಅಪ್ಪ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು. ಬೇಡ ಎನ್ನಲಿಲ್ಲ.