ಬಾದಾಮಿ ಹಾಲಿನ ದಾಖಲೆ

‘ಶೂನ್ಯ’ ಎಂಬ ಒಂದೇ ಪದದ ಉತ್ತರಕ್ಕೆ ಅಷ್ಟು ದೊಡ್ಡ ಸೀಲು ಯಾಕೆಂದು ಮುನಿತಾಯಮ್ಮನಿಗೆ ಅರ್ಥವಾಗಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅವಳು ಕೇಳಿದ್ದು ಇಷ್ಟೇ: ಕುಡಿಯುವ ಪದಾರ್ಥದಲ್ಲಿ ಮತ್ತಿನ ಔಷಧಿ ಬೆರೆಸಿ ಕೊಟ್ಟ ಬಗ್ಗೆ ಮೂರು ವರ್ಷದಲ್ಲಿ ಈ ಠಾಣೆಗೆ ಎಷ್ಟು ದೂರು ಬಂದಿವೆ? ಆ ಉತ್ತರ ಹಿಡಿದು ಏರ್‌ಪೋರ್ಟ್ ಕಡೆಯ ಠಾಣೆಗೆ ಬಂದವಳು ಅದನ್ನು ದೂರು ಬರೆದುಕೊಳ್ಳುವ ರೈಟರ್ ವೆಂಕಟರಮಣಪ್ಪನ ಮೇಜಿನ ಮೇಲೆ ಇಟ್ಟಳು.

“ಶೂನ್ಯ ಅಂದ್ರೆ, ನಾನ್ ಕೊಟ್ಟ ದೂರು ಎಲ್ಲೋಯ್ತು ಸಾರ್?”

ಎರಡು ವರ್ಷದ ಹಿಂದೆ ದೇವನಹಳ್ಳಿಯಲ್ಲಿ ಮದುವೆ ಮುಗಿಸಿ ಸೂಲಿಬೆಲೆಗೆ ಮರಳುವಾಗ, ಬಸ್ಸಿನಲ್ಲಿ ಪಕ್ಕ ಕೂತವಳು ಅಕ್ಕಾ ಅಕ್ಕಾ ಎನ್ನುತ್ತ ಬಾದಾಮಿ ಹಾಲು ಕೊಟ್ಟಿದ್ದಳು. ಎಚ್ಚರವಾದಾಗ ಕಂಡಕ್ಟರ್ ಅವಳನ್ನು ಈ ಠಾಣೆಯಲ್ಲಿ ಇಳಿಸಿದ್ದ, ಕೊರಳಲ್ಲಿ ಸರವಿರಲಿಲ್ಲ. ಊರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳೇ ಹಾಲು ಕುಡಿದು ಮೋಸಹೋದಳೆಂದರೆ ಯಾರು ನಂಬುತ್ತಾರೆ? ಸರವನ್ನು ತವರಿಗೆ ಸಾಗಿಸಿ ನಾಟಕ ಆಡಿದಳೆಂದು ನಾದಿನಿ ಬೈರಮ್ಮ ಊರಿಗೆಲ್ಲ ಡಂಗುರ ಹೊಡೆದಳು. ಗಂಡ ಸೊಣ್ಣಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿದ್ದು. ಹೀಗೆ ಬೇರೆಯವರಿಗೂ ಆಗಿದೆ ಎನ್ನುವ ಒಂದು ಸರ್ಕಾರಿ ಕಾಗದ ಸಿಕ್ಕರೆ ಇಬ್ಬರ ಮುಖಕ್ಕೂ ಹಿಡಿಯಬೇಕೆಂದು ಅರ್ಜಿ ಹಾಕಿದ್ದಳು.

“ದೂರಿನ ಪುಸ್ತಕ ನೋಡೋಕೆ ನಂಗೆ ಹಕ್ಕೈತಂತೆ. ತೋರ್ಸಿ.”

ಸಾಹೇಬರಿಲ್ಲ ಎಂದ ವೆಂಕಟರಮಣಪ್ಪ. ಬೀರುವಿನ ಕೀಲಿಯಿಲ್ಲ ಎಂದ. ಅವಳು ಕಾಲು ಮಡಚಿ ಕೂತು ಎಲೆಅಡಿಕೆ ಚೀಲ ಬಿಚ್ಚಿದ್ದನ್ನು ಕಂಡು, ಇದು ಸುಲಭಕ್ಕೆ ಏಳುವ ಗಿರಾಕಿಯಲ್ಲವೆಂದು ತಿಳಿದು ಅರ್ಜಿ ಪುಸ್ತಕ ತಂದಿಟ್ಟ. ಬೆರಳಿಟ್ಟು ಓದುತ್ತ ಹೋದವಳಿಗೆ ತನ್ನ ಹೆಸರು ಸಿಕ್ಕಿತು. ಅದರ ಮುಂದೆ ರೈಟರ್‌ನ ದುಂಡನೆಯ ಅಕ್ಷರ: ‘ಅರ್ಜಿದಾರಳು ಮದ್ಯಪಾನದ ಅಮಲಿನಲ್ಲಿ ಒಡವೆ ಕಳೆದುಕೊಂಡಿರುತ್ತಾಳೆ. ಮುಕ್ತಾಯ.’

“ನಿನ್ ಮನೆ ಹಾಳಾಗ! ಹಬ್ಬದಲ್ಲೂ ಒಂದ್ ತೊಟ್ಟು ಮುಟ್ದೋಳಲ್ಲ ಕಣಪ್ಪಾ ನಾನು!”

“ತೊದಲ್ತಿದ್ರಿ, ವಾಲಾಡ್ತಿದ್ರಿ. ಮತ್ತಿನ ಔಷಧಿ ಅಂತ ಬರೆದ್ರೆ ಎಫ್‌ಐಆರ್ ಹಾಕ್ಬೇಕು, ರಕ್ತ ಲ್ಯಾಬಿಗೆ ಕಳಿಸ್ಬೇಕು, ಕಳ್ಳರನ್ನ ಬೇರೆ ಹುಡುಕ್ಬೇಕು. ಕುಡಿದಿದ್ರು ಅಂದ್ರೆ ಒಂದೇ ಸಾಲಿಗೆ ಮುಗೀತದೆ ತಾಯಿ.”

ಮನುಷ್ಯ ಸೋಮಾರಿ ನಿಜ, ಆದರೆ ಪ್ರಾಮಾಣಿಕ.

“ಡೈರೀಲಿ ನಾವು ಹಾಲು ನೋಡಿ ಬರೀತೀವಿ ಸಾರ್, ತಂದೋರ ಮುಖ ನೋಡಿ ಬರೆಯಲ್ಲ,” ಎಂದು ಅವಳು ಪುಟ ತಿರುವಿದಳು. ಅದೇ ದುಂಡು ಅಕ್ಷರ, ಅದೇ ಸಾಲು. ಎಳನೀರು ಕುಡಿದ ಟೀಚರು, ದೇವಸ್ಥಾನದ ಮುಂದೆ ಪಾನಕ ಕುಡಿದ ಅಜ್ಜಿ, ಎಲ್ಲರೂ ಅಮಲಿನಲ್ಲೇ. ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುವ ಹತ್ತೊಂಬತ್ತರ ಹುಡುಗಿಯೊಬ್ಬಳು, ಸೂಪರ್‌ವೈಸರ್ ಕೊಟ್ಟ ಜ್ಯೂಸ್ ಕುಡಿದ ಮೇಲೆ ಬೆಳಗಾಗುವವರೆಗೆ ಏನಾಯಿತೋ ಗೊತ್ತಿಲ್ಲ ಎಂದು ಬರೆದುಕೊಟ್ಟಿದ್ದಳು. ಅವಳಿಗೂ ಅದೇ ಸಾಲು, ಅದೇ ಮುಕ್ತಾಯ. ಮುನಿತಾಯಮ್ಮನ ಬೆರಳು ಆ ಸಾಲಿನ ಮೇಲೇ ನಿಂತಿತು. ತನ್ನದು ಹೋಗಿದ್ದು ಬರೀ ಸರ. ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದು, ಮೊದಲಿಂದ ಎಣಿಸಿದಳು. ತಾನೂ ಸೇರಿ ಹನ್ನೊಂದು ಹೆಂಗಸರು.

“ಈ ಪುಟಗಳ್ನೆಲ್ಲ ಜೆರಾಕ್ಸ್ ಮಾಡಿ ಸೀಲ್ ಹಾಕ್ಕೊಡಿ.”

ವೆಂಕಟರಮಣಪ್ಪನಿಗೆ ನಗು ತಡೆಯಲಾಗಲಿಲ್ಲ. “ನಿಮ್ಮನ್ನ ಕುಡುಕಿ ಅಂದಿರೋ ಕಾಗದ ತಗೊಂಡು ಏನಮ್ಮ ಮಾಡ್ತೀರ? ಮನೇಲಿ ಫ್ರೇಮ್ ಹಾಕಿಸ್ತೀರಾ?”

“ಮನೆಯೋರ್ನ ಆಮೇಲೆ ನೋಡ್ಕೋತೀನಿ. ಇದ್ರಲ್ಲಿ ಎಲ್ಲಾರ ವಿಳಾಸ ಐತಲ್ಲ, ಅಷ್ಟು ಸಾಕು,” ಎಂದಳು ಮುನಿತಾಯಮ್ಮ. “ಸೋಮವಾರಕ್ಕೆ ಹನ್ನೊಂದು ಕುರ್ಚಿ ಹಾಕ್ಸಿಡಿ ಸಾರ್. ನಿಮ್ ಕುಡುಕೀರೆಲ್ಲ ಒಟ್ಟಿಗೇ ಬರ್ತೀವಿ.”