ಬೇಳೆ ಬೆಂದಿದೆಯಾ?

ಕೋಣನಕುಂಟೆಯ ಬೇಕರಿ ಮುಂದೆ ತಲೆ ಸುತ್ತಿ ಕುಸಿದ ಚಿಕ್ಕಬೈರಪ್ಪನವರನ್ನು ಎಬ್ಬಿಸಿ, ತೋಳು ಹಿಡಿದು ಮನೆವರೆಗೂ ನಡೆಸಿಕೊಂಡು ಬಂದವಳು ಸಂಘಮಿತ್ರಾ. ವಯಸ್ಸಾದವರಿಗೆ ಏನು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ತಿಳಿಸಿ ಹೇಳುವುದು ಆರೋಗ್ಯ ಕೇಂದ್ರದಲ್ಲಿ ಅವಳ ಕೆಲಸ.

"ಬೆಳಿಗ್ಗೆಯಿಂದ ಏನ್ ತಿಂದಿದೀರ ತಾತ?"

"ಟೀ, ಬನ್ನು."

"ನಿನ್ನೆ?"

"ಅದೇ." ಅವರು ಬೇರೆ ಕಡೆ ನೋಡಿದರು. "ನಮ್ಮ ಗೌರಮ್ಮ ಹೋದ್ಮೇಲೆ ಒಲೆ ಹಚ್ಚಿಲ್ಲ. ನಂಗೆ ಬರಲ್ಲ ಕಣಮ್ಮ."

ಮಕ್ಕಳಿಲ್ಲದ ಮನೆ, ಹೆಂಡತಿ ಇರುವ ತನಕ ಅವರು ನೀರು ಕುಡಿಯಲೂ ಅಡುಗೆಮನೆಗೆ ಕಾಲಿಟ್ಟವರಲ್ಲ. ಮೇಲಿನ ಎರಡು ಮಹಡಿಯ ಬಾಡಿಗೆದಾರರಿಗೆ ಇದು ಗೊತ್ತಾಗದಿರಲೆಂದೇ, ಯಾರನ್ನೂ ಊಟ ಕೇಳದೆ ದಿನಾ ಬೇಕರಿಗೆ ನಡೆಯುತ್ತಿದ್ದರು.

"ಬೇಳೆ, ಸೊಪ್ಪು ಇಲ್ದೆ ಕಾಲಿಗೆ ಶಕ್ತಿ ಎಲ್ಲಿಂದ ಬರತ್ತೆ? ನಡೀರಿ, ಬೇಳೆ ಸಾರು ಮಾಡೋದು ಈಗ್ಲೇ ಹೇಳ್ಕೊಡ್ತೀನಿ."

ಗೇಟಿನ ಹತ್ತಿರ ಕೇಳಿದರು, "ಯಾರ ಮನೆ ಹುಡುಗಿ ನೀನು?"

"ಕಾಲೋನಿ ಸಂಜೀವಯ್ಯನ ಮೊಮ್ಮಗಳು."

ಸಂಜೀವಯ್ಯ ಇವರ ಹೊಲ ಉತ್ತವನು. ಹಿತ್ತಿಲಲ್ಲಿ ಕೂತು ಉಂಡು, ಎಲೆ ತಾನೇ ಎತ್ತಿ ಹೋಗುತ್ತಿದ್ದವನು. ಚಿಕ್ಕಬೈರಪ್ಪ ಮೆಲ್ಲಗೆ ತೋಳು ಬಿಡಿಸಿಕೊಂಡು, ಬೀಗ ತೆಗೆದು ಒಳಗೆ ಹೋದರು. 'ಬಾ' ಎನ್ನಲಿಲ್ಲ.

ಸಂಘಮಿತ್ರಾ ಹೊಸ್ತಿಲಾಚೆ ಬಿಸಿಲಲ್ಲೇ ನಿಂತಳು. ಅಲ್ಲಿಂದಲೇ ಹೇಳತೊಡಗಿದಳು: "ಒಂದು ಹಿಡಿ ಬೇಳೆ ತೊಳೀರಿ. ನೀರು ಜಾಸ್ತಿ ಇರ್ಲಿ. ಚಿಟಿಕೆ ಅರಿಶಿನ ಹಾಕಿ. ಉಪ್ಪು ಈಗ್ಲೇ ಬೇಡ."

ಒಳಗೆ ಡಬ್ಬಗಳು ಬಿದ್ದ ಸದ್ದು. "ಸ್ಟೌವ್ ಯಾವ್ ಕಡೆ ತಿರುಗಿಸ್ಲಿ?"

"ಒತ್ತಿ ಎಡಕ್ಕೆ ತಿರುಗಿಸಿ ತಾತ."

ಬಹಳ ಹೊತ್ತಾಯಿತು. ಬೇಳೆ ಬೆಂದಿದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಕೊನೆಗೆ ಸೌಟಿನಲ್ಲಿ ಒಂದಿಷ್ಟು ಬೇಳೆ ಎತ್ತಿಕೊಂಡು, ಪಾತ್ರೆಗೆ ಮುಚ್ಚಳ ಹಾಕಿ ಬಾಗಿಲಿಗೆ ಬಂದರು.

"ಬೆಂದಿದೆಯಾ ನೋಡು."

ಅವಳು ಸೌಟಿಗೆ ಬೆರಳು ಹಾಕಿ ಒಂದು ಬೇಳೆ ಹಿಚುಕಿದಳು. "ಇನ್ನೂ ಇಲ್ಲ. ಸ್ವಲ್ಪ ಹೊತ್ತು ಬಿಡಿ." ಆಮೇಲೆ, ಅರಿಶಿನ ಹಾಕಿ ಎಂದ ದನಿಯಲ್ಲೇ ಹೇಳಿದಳು: "ಸೌಟು ತೊಳ್ಕೊಂಡ್ಬಿಡಿ ತಾತ."

ಚಿಕ್ಕಬೈರಪ್ಪ ಆಗಲೇ ಅದನ್ನು ತೊಳೆಯಲೆಂದು ನಲ್ಲಿಯ ಕಡೆ ತಿರುಗಿದ್ದರು. ಆ ಮಾತು ಕೇಳಿದ ಮೇಲೆ ನಲ್ಲಿ ಮುಟ್ಟಲು ಕೈ ಏಳಲಿಲ್ಲ. 'ಒಳಗೆ ಬಾ' ಎನ್ನೋಣವೆಂದರೆ ಅದಕ್ಕೂ ನಾಚಿಕೆ. ಈಗ ಕರೆದರೆ, ಇಷ್ಟು ಹೊತ್ತು ಯಾಕೆ ಕರೆಯಲಿಲ್ಲ ಎಂದು ತಾವೇ ಹೇಳಿದಂತೆ. ಸೌಟು ಹಿಡಿದು ಸಿಂಕಿನ ಮುಂದೆ ತಲೆ ತಗ್ಗಿಸಿ ನಿಂತರು. ಹಿಂದೆ ಒಲೆಯ ಮೇಲೆ ನೊರೆ ಚೊರ್ರೆಂದು ಸುರಿಯಿತು.

"ತಾತ, ಬೇಳೆ ಉಕ್ತಿದೆ! ಮುಚ್ಚಳ ತೆಗೀರಿ, ಬೇಗ!"

ಸಂಘಮಿತ್ರಾ ಮತ್ತೆ ಮತ್ತೆ ಕೂಗಿದಳು. ಕೂಗಿದಳೇ ಹೊರತು, ಹೊಸ್ತಿಲು ದಾಟಲಿಲ್ಲ.